ತೃಪ್ತಿಕರವಲ್ಲದ ವರ್ತನೆ ಯಾರದು?

ಸಾಮಾಜಿಕ ಕೌಶಲ ತರಬೇತಿ ಯೋಜನೆಯ ಜಿಲ್ಲಾ ಅಧಿಕಾರಿಗಳೇ,

ನನ್ನ ಮಗಳು ಗ್ರೀಷ್ಮಾಳಿಗೆ ನಿಮ್ಮ ಕಚೇರಿ ತರಬೇತಿಯ ಪ್ರಮಾಣಪತ್ರ ನಿರಾಕರಿಸಿದೆ. ಕಾರಣದ ಜಾಗದಲ್ಲಿ ಬರೆದದ್ದು ಎರಡೇ ಪದ: 'ವರ್ತನೆ ತೃಪ್ತಿಕರವಲ್ಲ'. ಯಾರ ವರ್ತನೆ ಎಂದು ಬರೆಯಲು ಮರೆತಿರಬೇಕು. ಅದನ್ನು ನಾನು ತುಂಬಿಕೊಡುತ್ತೇನೆ.

ಗ್ರೀಷ್ಮಾಳಿಗೆ ಇಪ್ಪತ್ತಮೂರು ವರ್ಷ. ಆಟಿಸಂ ಇದೆ, ಎಡಿಎಚ್‌ಡಿಯೂ ಇದೆ. ಒಂದು, ಎಲ್ಲವೂ ನಿನ್ನೆಯಂತೆಯೇ ಇರಲಿ ಎನ್ನುತ್ತದೆ. ಇನ್ನೊಂದು ಹತ್ತು ನಿಮಿಷ ಒಂದೆಡೆ ಕೂರಲು ಬಿಡುವುದಿಲ್ಲ. ಮಾತಿನ ನಡುವೆ ಬಾಯಿ ಹಾಕುತ್ತಾಳೆ, ಏಕೆಂದರೆ ತಡೆದುಕೊಂಡರೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಎದುರಿನವರ ಕಣ್ಣು ನೋಡುತ್ತಾ ನಿಂತರೆ ಅವರ ಮಾತು ಅವಳ ತಲೆಗೆ ಇಳಿಯುವುದಿಲ್ಲ. ಇಂಥವಳಿಗೆ ನಿಮ್ಮ ಕೇಂದ್ರ ಮೂರು ತಿಂಗಳು ಕಲಿಸಿದ್ದೇನು? ಕಣ್ಣು ನೋಡು, ನಗು, ಐದು ಎಣಿಸಿ ಮಾತಾಡು. ಅತ್ತಾವರದ ಆಸ್ಪತ್ರೆಯೊಂದರ ದಾಖಲೆ ವಿಭಾಗದ ಕೆಲಸಕ್ಕೆ ಈ ಪ್ರಮಾಣಪತ್ರ ಬೇಕಿತ್ತು. ಅದಕ್ಕಾಗಿ ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಿ, ಆ ಗದ್ದಲ ಸಹಿಸಿ, ಒಂದು ದಿನವೂ ತಪ್ಪಿಸದೆ ಹೋದಳು.

ಸಮಾರೋಪಕ್ಕೆ ತಾವು ಒಂದೂವರೆ ಗಂಟೆ ತಡವಾಗಿ ಆಗಮಿಸಿದಿರಿ. ಅವಳನ್ನು ವೇದಿಕೆಗೆ ಕರೆದು, "ಎಂತ ಕಲಿತೆ ಇಲ್ಲಿ?" ಎಂದು ಕೇಳಿದಿರಿ. ಅವಳು ಹೇಳತೊಡಗಿದಳು. ತಾವು ಫೋನು ತೆಗೆದಿರಿ. ಅವಳು ಮಾತು ನಿಲ್ಲಿಸಿದಳು.

"ಸರ್, ನೀವು ಫೋನ್ ನೋಡ್ತಾ ಇದ್ದೀರಿ. ಮುಗಿಸಿ, ನಾನು ಕಾಯ್ತೇನೆ."

ಅದರಲ್ಲಿ ಕುಚೋದ್ಯವಿರಲಿಲ್ಲ. ಕಾಯಬೇಕೆಂದು ನಿಮ್ಮವರೇ ಕಲಿಸಿದ್ದರು, ಅವಳು ಕಾದಳು. ಸಭೆ ನಕ್ಕಿತು. ತಾವು ತರಬೇತುದಾರರತ್ತ ತಿರುಗಿ, "ಮ್ಯಾನರ್ಸ್ ಇಲ್ಲದವಳಿಗೆ ಇಷ್ಟು ದಿನ ಎಂತ ಕಲಿಸಿದ್ದು ಮಾರಾಯ್ರೆ?" ಎಂದಿರಿ. ಆ ವೇದಿಕೆಯ ಮೇಲೆ ಕೌಶಲದ ಕೊರತೆ ಇದ್ದದ್ದು ಯಾರಿಗೆ, ಮಹನೀಯರೇ?

ಹನ್ನೊಂದು ದಿನ ಅವಳು ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಕನ್ನಡಿಯೆದುರು ನಿಂತು ನಗುವುದನ್ನು ಅಭ್ಯಾಸ ಮಾಡುತ್ತಿದ್ದಳು. ಹನ್ನೆರಡನೆಯ ದಿನ ನನ್ನ ಕಡೆ ತಿರುಗಿ, "ಅಮ್ಮ, ಇದು ಸರಿ ಉಂಟಾ?" ಎಂದು ಕೇಳಿದಳು.

ಅವಳನ್ನು ಮತ್ತೆ ಮಾತಿಗೆ ಎಳೆದದ್ದು ಅದೇ ತರಬೇತಿ ತಂಡದಲ್ಲಿದ್ದ ನಾಝಿಮಾ. ಅವಳಿಗೂ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಮನೆಗೇ ಬಂದು, "ನನ್ನ ಮಾತು ಮುಗಿಯದಿದ್ರೆ ಮೇಜಿನ ಮೇಲೆ ಕೈ ಇಡ್ತೇನೆ. ನಿನಗೆ ಮರೆತುಹೋಗ್ತದೆ ಅಂತ ಅನ್ನಿಸಿದ್ರೆ ಚೀಟಿಯಲ್ಲಿ ಬರಿ, ನಾನು ಆಮೇಲೆ ಕೇಳ್ತೇನೆ" ಎಂದಳು. ಈಗ ಇಬ್ಬರೂ ಗಂಟೆಗಟ್ಟಲೆ ಹರಟುತ್ತಾರೆ. ಒಬ್ಬಳು ಕಿಟಕಿ ನೋಡುತ್ತಾ, ಇನ್ನೊಬ್ಬಳು ಕೋಣೆಯಲ್ಲಿ ಶತಪಥ ಹಾಕುತ್ತಾ. ಜಗಳವಾಡುತ್ತಾರೆ, ರಾಜಿಯೂ ಆಗುತ್ತಾರೆ. ನಿಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಎಷ್ಟು ಅಂಕ?

ಆಸ್ಪತ್ರೆಯ ಕೆಲಸ ಬೇರೆಯವರಿಗೆ ಹೋಯಿತು. ಆದರೂ ಪ್ರಮಾಣಪತ್ರ ಈ ತಿಂಗಳೊಳಗೆ ಬರಲಿ. ಮುಂದಿನ ತಂಡದ ಪಾಠ ಬರೆಯುವ ಮೊದಲು ಈ ಇಬ್ಬರನ್ನು ಕೂರಿಸಿ ಕೇಳಿ. ಮತ್ತು ಕ್ಷಮೆ ಕೇಳಿ, ನನ್ನಲ್ಲಲ್ಲ, ಗ್ರೀಷ್ಮಾಳಲ್ಲಿ. ನೇರವಾಗಿ ಕೇಳಿ. 'ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ' ಎಂಬ ಸರಕಾರಿ ಭಾಷೆ ಅವಳಿಗೆ ಅರ್ಥವಾಗುವುದಿಲ್ಲ.

ಇಂತಿ,
ಅಂದು ಮೂರನೆಯ ಸಾಲಿನಲ್ಲಿ ಬಾಯಿ ಮುಚ್ಚಿ ಕುಳಿತಿದ್ದ ತಾಯಿ,
ಕುಶಲಾ
ಮಂಗಳೂರು