ಒಂದೇ ಉಸಿರಿನ ಸ್ವರ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ

ನನ್ನ ಮುದ್ದು ಗುಬ್ಬಿ,

ಪ್ರತಿ ಭಾನುವಾರ ಫೋನು ಮಾಡುವ ಅಮ್ಮ ಇದ್ದಕ್ಕಿದ್ದಂತೆ ಕಾಗದ ಬರೆದು, ಅದರ ಫೋಟೋ ತೆಗೆದು ಕಳಿಸಿದ್ದಾಳಲ್ಲ, ತಲೆ ಕೆಟ್ಟಿತೇನೋ ಎಂದು ನಗಬೇಡ. ಫೋನಿನಲ್ಲಾದರೆ ನೀನು ಮಾತು ತಿರುಗಿಸುತ್ತೀಯ, ನಾನೂ ತಿರುಗಿಸಿದ ಕಡೆಗೇ ಹೋಗಿಬಿಡುತ್ತೇನೆ. ಕಾಗದದಲ್ಲಿ ನೀನು ಅಡ್ಡ ಬಾಯಿ ಹಾಕುವಂತಿಲ್ಲ. ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲೇ ಪೂರ್ತಿ ಓದು.

ಈ ಲಾಕ್‌ಡೌನಿನಲ್ಲಿ ನನ್ನ ಆನ್‌ಲೈನ್ ಹಾಡಿನ ಪಾಠದ ಅವಸ್ಥೆ ನಿನಗೆ ಗೊತ್ತೇ ಇದೆ. ಅಡುಗೆಮನೆಯ ಸ್ಟೂಲು, ಅದರ ಮೇಲೆ ಎರಡು ದಪ್ಪ ಪುಸ್ತಕ, ಅದರ ಮೇಲೆ ಫೋನು, ಎದುರಿಗೆ ನಾನು. ಹನ್ನೊಂದು ಚೌಕಗಳಲ್ಲಿ ಹನ್ನೊಂದು ಶಿಷ್ಯರು. ಒಟ್ಟಿಗೆ ಹಾಡಿಸಿದರೆ ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ಸಂತೆಯಾಗುತ್ತದೆ. ಹಾಗಾಗಿ ಒಬ್ಬೊಬ್ಬರೇ ಹಾಡಬೇಕು, ಮಿಕ್ಕವರು ಮೈಕ್ ಆರಿಸಿಕೊಂಡು ಕೂರಬೇಕು. ಮೊದಲು ಪ್ರತಿಯೊಬ್ಬರೂ ಒಂದೇ ಉಸಿರಿನಲ್ಲಿ ಒಂದು ಸ್ವರ ಎಳೆಯಬೇಕು, ನಾನು ತೊಡೆಯ ಮೇಲೆ ಬೆರಳಿನಿಂದ ತಟ್ಟಿ ಎಣಿಸುತ್ತೇನೆ. ಮೂವತ್ತು ವರ್ಷದ ಅಭ್ಯಾಸ, ಬೇಡವೆಂದರೂ ಬೆರಳು ತಟ್ಟುತ್ತದೆ.

ಆದರೆ ಈ ಆ್ಯಪಿಗೆ ಒಂದು ಕೆಟ್ಟ ಚಾಳಿ. ಮಾತನಾಡಿದರೆ ಕೇಳಿಸುತ್ತದೆ, ಒಂದೇ ಸಮ ಸ್ವರ ಎಳೆದರೆ ಫ್ಯಾನಿನ ಸದ್ದು ಎಂದುಕೊಂಡು ಅಳಿಸಿಹಾಕುತ್ತದೆ. ಶುರುವಿನಲ್ಲಿ ಎಲ್ಲರ ಸ್ವರವೂ ಅರ್ಧಕ್ಕೇ ತುಂಡಾಗುತ್ತಿತ್ತು. ಸೆಟ್ಟಿಂಗಿನಲ್ಲಿ ಎಲ್ಲೋ ಒಂದು ಗುಂಡಿ ಒತ್ತಿದರೆ ಸರಿಹೋಗುತ್ತದೆ ಎಂದು ಕಂಡುಹಿಡಿದವಳು ನಾನೇ. ಅದರ ಜಂಬ ಬೇರೆ ನನಗೆ.

ನಮ್ಮ ಟೈಪಿಸ್ಟ್ ಮೇಡಂ ನೆನಪಿದ್ದಾರಲ್ಲ? ನಿವೃತ್ತಿಯಾದ ಮೇಲೆ ಹಾಡು ಕಲಿಯಲು ಬಂದವರು, ತಾಳ ಹಾಕಿ ಎಂದರೂ ಬೆರಳುಗಳು ಟೈಪ್ ಹೊಡೆಯುತ್ತಿದ್ದವಲ್ಲ, ಅವರೇ. ಅವರ ಸ್ವರ ಯಾವಾಗಲೂ ಹದಿನೆಂಟು ಎಣಿಕೆ ನಿಲ್ಲುತ್ತಿತ್ತು. ಎರಡು ವಾರದ ಹಿಂದೆ ಹದಿನಾಲ್ಕಕ್ಕೆ ನಿಂತಿತು. ಎರಡು ದಿನ ಬಿಟ್ಟು ಇನ್ನೂ ಇಳಿಯಿತು, ಎಷ್ಟಕ್ಕೆ ಎಂದು ಬರೆಯಲು ಕೈ ಬರುತ್ತಿಲ್ಲ. ಪಾಪ, ಅವರೇ ಕೇಳಿದರು, ಯಾಕೋ ಉಸಿರು ಸಾಲ್ತಿಲ್ಲ ಮೇಡಂ, ಡಾಕ್ಟರಿಗೆ ತೋರಿಸ್ಲಾ ಅಂತ. ನಾನು, ದೊಡ್ಡ ಪಂಡಿತೆ, ನಕ್ಕುಬಿಟ್ಟೆ. ನಿಮ್ಮ ಉಸಿರಿಗೇನೂ ಆಗಿಲ್ಲ, ಎಲ್ಲಾ ಈ ಆ್ಯಪಿನ ಕಿತಾಪತಿ ಅಂದೆ. ಅರ್ಧ ಗಂಟೆ ಕೂತು ಸೆಟ್ಟಿಂಗ್ ಬದಲಾಯಿಸುವುದು ಮತ್ತೆ ಹೇಳಿಕೊಟ್ಟೆ. ಅವರು ನನ್ನನ್ನು ನಂಬಿದರು.

ನಾಲ್ಕು ದಿನದ ಮೇಲೆ ಅವರ ಚೌಕದಲ್ಲಿ ಸೊಸೆಯ ಮುಖ ಕಾಣಿಸಿತು. ಅತ್ತೆಗೆ ಆಕ್ಸಿಜನ್ ಹಾಕಿದಾರೆ, ಮೂರು ದಿನ ಮೊದ್ಲೇ ಕರ್ಕೊಂಡು ಬರ್ಬೇಕಿತ್ತು ಅಂತ ಡಾಕ್ಟರ್ ಬೈದ್ರು ಅಂದಳು. ಮೂರು ದಿನ ತಡ ಮಾಡಿಸಿದವಳು ನಾನು ಎಂದು ಆ ಹುಡುಗಿಗೆ ಗೊತ್ತೇ ಇಲ್ಲ. ಈಗ ಮೇಡಂ ಸುಧಾರಿಸುತ್ತಿದ್ದಾರಂತೆ, ನೀನು ಗಾಬರಿಯಾಗಬೇಡ.

ಅಂದಿನಿಂದ ನನಗೆ ಒಂದೇ ಹೆದರಿಕೆ ಕಣೇ. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಾಕಿ ತೊಳೆಯುತ್ತೇನೆ, ತೊಳೆದೆನೋ ಇಲ್ಲವೋ ಎಂದು ಮತ್ತೆ ತೊಳೆಯುತ್ತೇನೆ. ಕರೆಗಂಟೆ ಬಡಿದರೆ ಬಾಗಿಲು ತೆಗೆಯದೆ ಕಿಟಕಿಯಿಂದಲೇ ಯಾರೆಂದು ಕೇಳುತ್ತೇನೆ. ಹನ್ನೊಂದರಲ್ಲಿ ಉಳಿದ ಹತ್ತು ಜನರ ಎಣಿಕೆಯನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡುತ್ತೇನೆ, ಯಾರದಾದರೂ ಎರಡು ಕಮ್ಮಿಯಾದರೆ ಅವರ ಮನೆಗೆ ಫೋನು ಮಾಡುತ್ತೇನೆ. ಆ ತಲೆಹರಟೆ ದರ್ಜಿ ಇದ್ದಾನಲ್ಲ, ಹಾಡು ಕಲಿಸ್ತಿದೀರೋ ಟೇಪು ಹಿಡಿದು ನಮ್ಮ ಉಸಿರು ಅಳೀತಿದೀರೋ ಮೇಡಂ ಅಂತ ಕೇಳಿದ. ನಿನಗ್ಯಾಕಪ್ಪಾ, ಎಳಿ ಅಂದೆ.

ಈಗ ನಿನ್ನ ವಿಷಯ.

ಆರು ವರ್ಷದವಳಿದ್ದಾಗಿನಿಂದ ನನ್ನ ಪಾಠವನ್ನು ಅಣಕಿಸಲು ನೀನು ಅಮ್ಮಾ ಎಂದು ಉಸಿರು ಮುಗಿಯುವವರೆಗೂ ಎಳೆಯುತ್ತೀಯಲ್ಲ, ಈಗಲೂ ಪ್ರತಿ ಸಲ ಫೋನು ಇಡುವಾಗ. ಇಪ್ಪತ್ತೆರಡು ಎಣಿಕೆ. ಹಾಡು ಕಲಿ ಎಂದರೆ ಓಟ ಕೀಳುತ್ತಿದ್ದ ಕತ್ತೆಗೆ ಇಷ್ಟೊಂದು ಉಸಿರು ಕೊಟ್ಟನಲ್ಲ ದೇವರು ಎಂದು ಹೊಟ್ಟೆ ಉರಿದುಕೊಂಡಿದ್ದೇನೆ. ಕಳೆದ ವಾರವೂ, ಅದೇ ಫೋನಿನಲ್ಲಿ, ಇಪ್ಪತ್ತೆರಡೇ ಇತ್ತು. ಮೊನ್ನೆ ಭಾನುವಾರ ಒಂಬತ್ತಕ್ಕೆ ನಿಂತಿತು.

ನೆಟ್‌ವರ್ಕ್ ಸರಿ ಇಲ್ಲಮ್ಮ ಅಂದೆ ನೀನು. ಹೌದು ಕಣೇ, ನೆಟ್‌ವರ್ಕೇ ಅಂದೆ ನಾನು. ಇಬ್ಬರೂ ನಕ್ಕೆವು.

ಆದರೆ ವಿಡಿಯೋದಲ್ಲಿ ನಿನ್ನ ಹಿಂದೆ ಕಾಣುತ್ತಿದ್ದ ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದು ಸಲವೂ ತಡವರಿಸಲಿಲ್ಲ ಗುಬ್ಬಿ. ನೆಟ್‌ವರ್ಕ್ ಕೈಕೊಟ್ಟಿದ್ದರೆ ಅದೂ ನಿಲ್ಲಬೇಕಿತ್ತು. ನಿಂತದ್ದು ನಿನ್ನ ಸ್ವರ ಮಾತ್ರ. ಆಮೇಲೆ ನೀನು ಮುಖ ಆಚೆ ತಿರುಗಿಸಿ, ಭುಜ ಮೇಲೆತ್ತಿ ಉಸಿರು ಎಳೆದುಕೊಂಡೆ. ಅದನ್ನೂ ನೋಡಿದೆ. ನೋಡಿಯೂ ಸುಮ್ಮನಿದ್ದೆ. ಒಮ್ಮೆ ಗೊತ್ತಿಲ್ಲದೆ ಮಾಡಿದ ತಪ್ಪನ್ನು ಎರಡನೇ ಸಲ ಗೊತ್ತಿದ್ದೇ ಮಾಡಿದೆ, ಬರೀ ಹೆದರಿಕೆಗೆ. ನಿನ್ನೆ ಇಡೀ ದಿನ ಫೋನು ಕೈಯಲ್ಲಿ ಹಿಡಿದು ಕೂತೆ, ಒತ್ತಲು ಧೈರ್ಯ ಬರಲಿಲ್ಲ.

ನೀನು ಯಾಕೆ ಮುಚ್ಚಿಡುತ್ತಿದ್ದೀಯ ಎಂದು ಗೊತ್ತು. ಹೇಳಿದರೆ ಈ ಸಕ್ಕರೆ ಕಾಯಿಲೆಯ ಮುದುಕಿ ಬಸ್ಸಿಲ್ಲದಿದ್ದರೂ ನಡೆದುಕೊಂಡಾದರೂ ಬಂದುಬಿಡುತ್ತಾಳೆ ಎಂದು ತಾನೆ? ಬರುವುದಿಲ್ಲ, ನಿನ್ನಾಣೆ. ಆದರೆ ನೀನು ಇವತ್ತು ಅಂಗಡಿಗೆ ಹೋಗಕೂಡದು. ನಿನ್ನ ಕೆಳಗಿನ ಮನೆಯ ಮಾಲೀಕರಿಗೆ ಫೋನು ಮಾಡಿ ಎಲ್ಲಾ ಹೇಳಿದ್ದೇನೆ. ಎಂಟು ಗಂಟೆಗೆ, ಕಿಟಕಿಗಳನ್ನೆಲ್ಲಾ ಇಳಿಸಿಕೊಂಡು, ಗೇಟಿನ ಹತ್ತಿರ ಕಾರು ನಿಲ್ಲಿಸಿರುತ್ತಾರೆ. ನಿನಗೆ ಸಿಟ್ಟು ಬಂದರೆ ಬರಲಿ. ಎರಡು ಜೊತೆ ಬಟ್ಟೆ, ಚಾರ್ಜರ್, ಆ ನೀಲಿ ಹೊದಿಕೆ ಇಟ್ಟುಕೋ. ಆಸ್ಪತ್ರೆಯಲ್ಲಿ ಸುಮ್ಮನೆ ನೆಗಡಿ ಎಂದು ಹೇಳಿದರೆ ನನ್ನ ಕೈಯಲ್ಲಿ ಒದೆ ತಿನ್ನುತ್ತೀಯ. ಉಸಿರಾಟದ್ದನ್ನೇ ಮೊದಲು ಹೇಳು.

ಇನ್ನೂ ನಲವತ್ತು ವರ್ಷ ನಿನ್ನನ್ನು ಬೈಯಬೇಕೆಂಬ ಆಸೆಯಿರುವ,
ನಿನ್ನ ಅಮ್ಮ

ವಿ.ಸೂ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಟೈಪಿಸ್ಟ್ ಮೇಡಂ ಸುಧಾರಿಸುತ್ತಿಲ್ಲ. ಶನಿವಾರ ಹೋಗಿಬಿಟ್ಟರು. ಭಾನುವಾರ ನಿನ್ನ ಜೊತೆ ನಗುವಾಗಲೂ ನನಗೆ ಅದು ಗೊತ್ತಿತ್ತು. ನೀನು ಹೆದರುತ್ತೀಯ ಎಂದು ಮುಚ್ಚಿಟ್ಟೆ. ಈಗ ಹೆದರು ಗುಬ್ಬಿ, ಹೆದರಿಕೊಂಡೇ ಕಾರು ಹತ್ತು. ಅವರ ಕೊನೆಯ ಎಣಿಕೆಯೂ ಒಂಬತ್ತೇ.