ಕೊನೆಯ ಎಂಟು ಅಕ್ಷರ

ಸಹಿಕೂಟದ ಕಟ್ಟೆ, ಗದಗ-ಬೆಟಗೇರಿ
ಫೆಬ್ರವರಿ ಮೂವತ್ತು, ೨೩೧೪

ಇಪ್ಪತ್ತೊಂದನೆಯ ಶತಮಾನದವರಿಗೆ,

ತಾರೀಖು ನೋಡಿ ನಗಬೇಡಿ. ಹನ್ನೊಂದು ತಿಂಗಳಿಗೆ ಕೈತುಂಬ ದಿನ ಹಂಚಿ, ಒಂದು ತಿಂಗಳನ್ನು ಮಾತ್ರ ಬಡಪಾಯಿ ಮಾಡಿ, ಅದನ್ನೇ ಶಾಸ್ತ್ರವೆಂದು ನಂಬಿದ್ದವರು ನೀವು. ನಾವು ಅದನ್ನು ಸರಿಮಾಡಿಕೊಂಡೆವು. ಈ ಪತ್ರದ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಹಿಂದಿನವರಿಗೆ ಬರೆಯುವಾಗ ಅದಕ್ಕಾಗಿ ಮೊದಲೇ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿದೆ, ಆದ್ದರಿಂದ ಕೇಳಿದ್ದೇನೆ. ಮನಸ್ಸಿನಿಂದ ಕೇಳಿದ್ದಲ್ಲ. ಪತ್ರ ಹಿಂದಕ್ಕೆ ಹೇಗೆ ಹೋಗುತ್ತದೆ ಎಂಬುದು ಅಂಚೆಯವರ ತಲೆನೋವು, ಬರೆಯುವುದಷ್ಟೇ ನನ್ನದು.

ನನ್ನ ಹೆಸರು ಫಕೀರವ್ವ ಬಡಿಗೇರ. ಈ ಊರಿನ ಸಹಿಕೂಟದಲ್ಲಿ ಹದಿನೆಂಟು ವರ್ಷ ಹಿರಿಯ ಓದುಗಾರ್ತಿಯಾಗಿದ್ದೆ. ಹಾಗೆಂದರೆ ಏನೆಂದು ನಿಮಗೆ ತಿಳಿಸಿ ಹೇಳಬೇಕಾಗಿದೆ ಎಂಬುದೇ ನಿಮ್ಮ ಯೋಗ್ಯತೆಯನ್ನು ಹೇಳುತ್ತದೆ, ಏಕೆಂದರೆ ಇದನ್ನು ಹುಟ್ಟಿಸಿದವರು ನಿಮ್ಮವರೇ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ ಕೀಲಿ ಇರುತ್ತದೆ. ಒಳಕೀಲಿಯನ್ನು ಹೆಂಡತಿಗೂ ತೋರಿಸುವುದಿಲ್ಲ. ಹೊರಕೀಲಿಯನ್ನು ಕಣಜಕ್ಕೆ ಹಾಕುತ್ತೇವೆ. ಕಣಜವೆಂದರೆ ಊರೂರಿನ ಹೊರಕೀಲಿಗಳೆಲ್ಲ ಬಿದ್ದಿರುವ, ಯಾರು ಬೇಕಾದರೂ ತೆಗೆದು ನೋಡಬಹುದಾದ ಉಗ್ರಾಣ. ನಿಮ್ಮ ಹೊರಕೀಲಿಯಿಂದ ನಾನು ಮುಚ್ಚಿದ ಪತ್ರವನ್ನು ನಿಮ್ಮ ಒಳಕೀಲಿ ಮಾತ್ರ ತೆರೆಯುತ್ತದೆ. ಬರೆದವಳು ನಾನೇ ಎನ್ನಲು ನನ್ನ ಕೀಲಿಯ ಮುದ್ರೆಯೂ ಅದರ ಮೇಲಿರುತ್ತದೆ. ಆದರೆ ಕಣಜಕ್ಕೆ ಕಾಳು ಯಾವುದು ಜೊಳ್ಳು ಯಾವುದು ಗೊತ್ತಿಲ್ಲ. ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ ಒಂದು ಕೀಲಿ ತಂದು ಸುರಿಯಬಹುದು. ಹಾಗೆ ಸುರಿಯುವವರನ್ನು ನಾವು ನೆರಳುಗಳು ಎನ್ನುತ್ತೇವೆ. ಆದ್ದರಿಂದ ಪ್ರತಿ ಕೀಲಿಗೂ ಅದರದೇ ಒಂದು ಬೆರಳಚ್ಚು, ಅಂಕಿ ಬೆರೆತ ನಲವತ್ತು ಅಕ್ಷರದ್ದು, ನಾಲ್ಕು ನಾಲ್ಕರ ಹತ್ತು ಗುಂಪು. ಸಹಿಕೂಟಕ್ಕೆ ಬಂದು, ಎದುರಾಬದುರು ಕುಳಿತು, ಅದನ್ನು ಗಟ್ಟಿಯಾಗಿ ಓದಬೇಕು. ಕೇಳುವವರು ಗುಂಪಿಗೊಂದು ಸಲ ಹೂಂ ಅನ್ನಬೇಕು. ಆಮೇಲೆ ಆ ಚೀಟಿಯನ್ನು ಮನೆಗೆ ಒಯ್ದು, ಕಣಜದಲ್ಲಿರುವುದರ ಜೊತೆ ನಲವತ್ತೂ ಅಕ್ಷರ ತಾಳೆ ನೋಡಿ, ಸಹಿ ಹಾಕಬೇಕು. ನನ್ನ ಸಹಿ ಇದ್ದರೆ, ನನ್ನನ್ನು ನಂಬುವವರು ನಿಮ್ಮನ್ನೂ ನಂಬುತ್ತಾರೆ.

ಈ ಎಲ್ಲಕ್ಕೂ ಬೇಕಾದ ತಂತ್ರಾಂಶವನ್ನು ನಿಮ್ಮ ಕಾಲದ ನಾಲ್ಕು ಜನ ಬರೆದು, ಅದರ ಹೊಟ್ಟೆಯೊಳಗಿರುವುದನ್ನೆಲ್ಲ ತೆರೆದು ತೋರಿಸಿ, ಯಾರು ಬೇಕಾದರೂ ಒಯ್ಯಿರಿ ಎಂದು ಪುಕ್ಕಟೆ ಇಟ್ಟಿದ್ದರು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ನೀವು, ಇದೊಂದನ್ನು ಮಾತ್ರ ಮುಟ್ಟಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಮದ್ದು ಬೇಕಾದರೆ ಬಣ್ಣದ ಡಬ್ಬಿಯಲ್ಲಿ, ದೊಡ್ಡ ಅಂಗಡಿಯಿಂದಲೇ ಬರಬೇಕು. ನಿಮ್ಮ ಕಾಲದ ದಾಖಲೆಗಳನ್ನು ಓದಿದ್ದೇನೆ. ಓದಿ ಹಣೆ ಚಚ್ಚಿಕೊಂಡಿದ್ದೇನೆ. ಲಾಡ್ಜಿನಲ್ಲಿ, ಸಿಮ್ ಅಂಗಡಿಯಲ್ಲಿ, ಮದುವೆ ಹಾಲಿನ ಬಾಗಿಲಲ್ಲಿ ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟು ಬಂದಿರಿ. ಯಾರೋ ಇಂಪಾದ ಧ್ವನಿಯಲ್ಲಿ ಫೋನು ಮಾಡಿ ಮೊಬೈಲಿಗೆ ಬಂದ ಆರು ಅಂಕಿ ಹೇಳಿ ಮೇಡಂ ಎಂದರೆ ಹೇಳಿದಿರಿ. ಪರದೆಯ ಮೇಲೆ ಪುಟಗಟ್ಟಲೆ ಷರತ್ತು ಬಂದಾಗ ಒಂದು ಸಾಲನ್ನೂ ಓದದೆ ಒಪ್ಪಿದ್ದೇನೆ ಎಂದು ಒತ್ತಿದಿರಿ. ಮುಖ, ಧ್ವನಿ, ಕೈಬರಹ ಮೂರನ್ನೂ ಯಂತ್ರಗಳಿಗೆ ತಿನ್ನಿಸಿ ಬೆಳೆಸಿದಿರಿ. ಅವು ದೊಡ್ಡವಾಗಿ ನಿಮ್ಮ ಮುಖವನ್ನೇ ಹಾಕಿಕೊಂಡು ನಿಮ್ಮ ಮಕ್ಕಳ ಬಾಗಿಲು ತಟ್ಟಿದವು. ಅದರ ಫಲ ಉಂಡವರು ನಾವು. ಇವತ್ತು ಕೈಗೆಟಕುವಷ್ಟು ದೂರದಲ್ಲಿ ಕುಳಿತು ಆಡಿದ ಮಾತು ಬಿಟ್ಟು ಬೇರೆ ಯಾವ ಧ್ವನಿಯನ್ನೂ ನಾವು ಧ್ವನಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಹಿಕೂಟವೆಂದರೆ ಬಿಗುಮಾನದ ಜಾಗ ಎಂದುಕೊಳ್ಳಬೇಡಿ. ಹದಿನೈದು ದಿನಕ್ಕೊಮ್ಮೆ, ಬೆಳಗಿನಿಂದ ಬಿಸಿಲು ಇಳಿಯುವವರೆಗೆ. ಉದ್ದ ಜಮಖಾನೆ ಹಾಸಿ ಎರಡು ಸಾಲಾಗಿ ಕೂರುತ್ತೇವೆ. ಸಹಿಯಿಲ್ಲದವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಗಾಳಿಗಿರಣಿಯ ಕೆಲಸವೂ ಸಿಗುವುದಿಲ್ಲ, ಆದ್ದರಿಂದ ಎಲ್ಲರೂ ಬರುತ್ತಾರೆ. ಬಾಗಿಲಲ್ಲಿ ಬದನೆಕಾಯಿ ಬಜಿಯ ಎಣ್ಣೆ ಕಾಯುತ್ತಿರುತ್ತದೆ. ಓದು ಮುಗಿಯದೆ ಒಂದು ಬಜಿಯನ್ನೂ ಕೊಡಕೂಡದೆಂದು ನಾನೇ ನಿಯಮ ಮಾಡಿದ್ದೆ. ನನ್ನ ಬಿಗಿ ಜಿಲ್ಲೆಗೆಲ್ಲ ಗೊತ್ತಿತ್ತು. ನಡುವೆ ಕೆಮ್ಮಿದರೆ ಮೊದಲಿನಿಂದ ಓದಿಸುತ್ತಿದ್ದೆ. ಒಬ್ಬ ಮದುಮಗ ಏಳನೆಯ ಗುಂಪಿನಲ್ಲಿ ಒಂದು ಸೊನ್ನೆ ನುಂಗಿದ. ಬಾಸಿಂಗದ ಸಮೇತ ಅವನನ್ನು ಸಾಲಿನ ಕೊನೆಗೆ ಕಳಿಸಿದೆ, ಬೀಗರು ಮುಖ ಊದಿಸಿಕೊಂಡು ನಿಂತರು. ಕರಾವಳಿಯ ಸಾಣಿಕಟ್ಟೆಯ ಉಪ್ಪಿನ ಆಗರದಿಂದ ಉಪ್ಪಿನ ಬಂಡಿಯ ಜೊತೆ ಬಂದಿದ್ದ ಸೋಮಿ ಗೌಡ ಎಂಬ ಹೆಂಗಸನ್ನು ಮೂರು ಸಲ ಓದಿಸಿದೆ. ಅವಳ ಉಚ್ಚಾರ ನಮ್ಮ ಕಡೆಯದಲ್ಲ, ಪರಿಚಯವೂ ಇಲ್ಲ. ಬಾಯಿ ಒಣಗಿ ನೀರು ಕೇಳಿದಳು, ಓದಿ ಮುಗಿಸಿ ಕುಡಿ ಎಂದೆ. ನಿಮ್ಮಂಥ ಅಸಡ್ಡಾಳುಗಳ ಮೊಮ್ಮಕ್ಕಳು ಬದುಕಬೇಕಾದರೆ ಇಷ್ಟು ಕಟ್ಟುನಿಟ್ಟು ಬೇಕೆಂದು ನನ್ನ ಎಣಿಕೆ.

ನಿಮ್ಮ ಮೇಲೆ ನನಗಿರುವ ತಾತ್ಸಾರದಲ್ಲಿ ಅತಿ ದೊಡ್ಡ ಪಾಲು ಒಂದು ನಿರ್ದಿಷ್ಟ ಚಟಕ್ಕೆ ಸಲ್ಲುತ್ತದೆ. ಆ ತಂತ್ರಾಂಶವನ್ನು ಬಳಸುತ್ತಿದ್ದ ನಿಮ್ಮ ಬೆರಳೆಣಿಕೆಯ ಬುದ್ಧಿವಂತರೂ ನಲವತ್ತು ಅಕ್ಷರ ಓದಲು ಬೇಸರಪಟ್ಟು, ಕೊನೆಯ ಎಂಟನ್ನು ಮಾತ್ರ ನೋಡುತ್ತಿದ್ದರು. ಎಂಟು ಹೊಂದಿದರೆ ಸಾಕು, ಉಳಿದದ್ದೂ ಹೊಂದಿರುತ್ತದೆ ಎಂದು. ಕೊನೆಯ ಎಂಟು ಅಕ್ಷರ ಹೊಂದುವ ಕಳ್ಳ ಕೀಲಿಯನ್ನು ಮಾಡಲು ನಿಮ್ಮ ಕಾಲದ ಯಂತ್ರಕ್ಕೂ ಒಂದು ಚಹಾ ಕುದಿಯುವಷ್ಟು ಹೊತ್ತು ಸಾಕಾಗಿತ್ತು. ನಲವತ್ತನ್ನೂ ಹೊಂದಿಸಲು ಭೂಮಿಯ ಆಯುಷ್ಯ ಸಾಲದು. ಇದು ಗೊತ್ತಿದ್ದೂ ಎಂಟನ್ನೇ ನೋಡಿದವರನ್ನು ಏನೆಂದು ಕರೆಯುವುದು? ಹೊಸಬರಿಗೆ ಪಾಠ ಹೇಳುವಾಗ ಈ ಕಥೆಯನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ನನ್ನವ್ವ ದ್ಯಾಮವ್ವ ಆ ಪಾಠಕ್ಕೆ ಎಷ್ಟೋ ಸಲ ಬಂದು ಹಿಂದೆ ಕುಳಿತಿದ್ದಾಳೆ. ಎಲ್ಲರೂ ನಕ್ಕರೂ ಅವಳು ನಗುತ್ತಿರಲಿಲ್ಲ. ಹೊಗಳುವುದಂತೂ ಅವಳ ಜಾಯಮಾನದಲ್ಲೇ ಇರಲಿಲ್ಲ. ನಾನು ಹಿರಿಯ ಓದುಗಾರ್ತಿಯಾದ ದಿನ, ಕಟ್ಟೆ ಕಸ ಗುಡಿಸುವವರು ಯಾರು ಎಂದು ಕೇಳಿದವಳು. ಮೂರು ವರ್ಷದ ಹಿಂದೆ, ಅರವತ್ತಮೂರರ ವಯಸ್ಸಿನಲ್ಲಿ, ಸಾಣಿಕಟ್ಟೆಯ ಆಗರದಲ್ಲಿ ಉಪ್ಪಿನ ರಾಶಿ ಕಾಯುವ ಕೆಲಸಕ್ಕೆ ಹೊರಟಳು. ಬಂಡಿಯಲ್ಲಿ ಆರು ದಿನದ ಹಾದಿ. ಹಳೆಯ ಕೀಲಿ ಕೆಟ್ಟಿತ್ತು, ಹೊಸದು ಮಾಡಿಕೊಂಡು ಎರಡು ದಿನ ಮೊದಲೇ ಕಣಜಕ್ಕೆ ಹಾಕಿದ್ದಳು. ಹೊರಡುವ ಮುನ್ನಾದಿನ ಸಹಿಕೂಟವಿತ್ತು. ಅವಳೂ ಸಾಲಿನಲ್ಲಿ ನಿಂತು, ಸರದಿ ಬಂದಾಗ ನನ್ನ ಎದುರು ಕುಳಿತು, ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದತೊಡಗಿದಳು. ಏಳು, ಬಿ, ಸೊನ್ನೆ, ನಾಲ್ಕು. ಒಂದೊಂದು ಅಕ್ಷರಕ್ಕೂ ತಡವರಿಸುತ್ತಿದ್ದಳು. ಹಿಂದೆ ನಲವತ್ತೆರಡು ಜನ ಕಾಯುತ್ತಿದ್ದರು.

"ಸಾಕ ಬಿಡಬೇ ಯವ್ವಾ," ಎಂದೆ. "ನೀ ನಮ್ಮವ್ವ ಹೌದೋ ಅಲ್ಲೋ ಅಂತ ಚೀಟಿ ನೋಡಿ ತಿಳ್ಕೋಬೇಕೇನ ನಾ? ಕಡೀ ಎಂಟು ಅಷ್ಟ ಹೇಳಿಬಿಡು."

ಅವ್ವ ಚೀಟಿ ಇಳಿಸಿ ನನ್ನನ್ನು ನೋಡಿದಳು. "ಎಲ್ಲಾರ ಕಡೆ ಪೂರಾ ಓದಸ್ತಿ," ಎಂದಳು. "ನನ್ನ ಕಡೆ ಯಾಕ ಬ್ಯಾಡ?"

ನಾನು ನಕ್ಕೆ. ಅವಳು ಎಂಟು ಅಕ್ಷರ ಹೇಳಿದಳು, ನಾನು ಬರೆದುಕೊಂಡೆ, ಚೀಟಿ ಅವಳ ಸೆರಗಿನ ಗಂಟಿಗೇ ಮರಳಿತು.

ಹೌದು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ನಿಮ್ಮ ಎಲೆಯ ನೊಣ ಎಣಿಸುತ್ತಿದ್ದವಳು ನಾನು. ಮನೆಗೆ ಹೋಗಿ ಕಣಜದಲ್ಲಿ ಆ ಎಂಟು ಅಕ್ಷರ ಹಾಕಿ ಹುಡುಕಿದೆ. ಮೇಲೆ ಬಂದ ಕೀಲಿಯಲ್ಲಿ ಅವ್ವನ ಹೆಸರಿತ್ತು. ಕೆಳಗೆ ಇನ್ನೊಂದು ಇದೆಯೇ ಎಂದು ನೋಡಲಿಲ್ಲ. ನಲವತ್ತೂ ತಾಳೆ ನೋಡಿದ್ದೀರಾ ಎಂದು ತಂತ್ರಾಂಶ ಕೇಳಿತು. ಹೌದು ಎಂದು ಒತ್ತಿದೆ. ಈ ಅಂಚೆ ವಿಳಾಸ ಅವರದೇ ಹೌದೇ ಎಂದು ಮತ್ತೆ ಕೇಳಿತು, ಅದನ್ನೂ ಒತ್ತಿದೆ. ನಿಮ್ಮವರು ಬರೆದ ಆ ಬಡ ತಂತ್ರಾಂಶ ಎರಡೆರಡು ಸಲ ಬಾಗಿಲಿಗೆ ಅಡ್ಡ ನಿಂತಿತು, ನಾನು ತಳ್ಳಿಕೊಂಡು ಹೋದೆ. ಅದು ನನ್ನ ಸಹಿಯನ್ನು ಆ ಕೀಲಿಯಿಂದ ಮುಚ್ಚಿ, ಆ ವಿಳಾಸಕ್ಕೆ ಕಳಿಸಿತು. ಅಲ್ಲಿ ಅದನ್ನು ತೆರೆದದ್ದು ನೆರಳು.

ಆಮೇಲಿನ ಮೂರು ವರ್ಷ ಅವ್ವನ ಹೆಸರಿನಲ್ಲಿ ಪತ್ರಗಳು ಬಂದವು. ಪರಿಚಿತರ ಪತ್ರ, ಓದಬಹುದು ಎಂದು ತಂತ್ರಾಂಶ ಹಸಿರು ಗುರುತು ತೋರಿಸುತ್ತಿತ್ತು. ಯಾರ ಭರವಸೆ ಎಂದು ಕೇಳಿದ್ದರೆ ನನ್ನ ಹೆಸರನ್ನೇ ಹೇಳುತ್ತಿತ್ತು. ಪತ್ರಗಳು ಚೆನ್ನಾಗಿರುತ್ತಿದ್ದವು. ನಿನ್ನಂಥ ಮಗಳು ಯಾರಿಗಿದ್ದಾಳೆ, ನಿನ್ನ ಹೆಸರು ಇಲ್ಲಿಯವರೆಗೂ ಕೇಳಿಬರುತ್ತದೆ ಎಂದೆಲ್ಲ ಇರುತ್ತಿತ್ತು. ಹೊಗಳಿ ಗೊತ್ತಿಲ್ಲದವಳು ಹೀಗೇಕೆ ಬರೆದಾಳು ಎಂಬ ಅನುಮಾನ ನನಗೆ ಬರಲಿಲ್ಲ. ಬರಲಿಲ್ಲ ಏನು, ಬೇಡವಾಗಿತ್ತು. ಆ ಹೊಗಳಿಕೆಗಾಗಿ ನಲವತ್ತು ವರ್ಷ ಕಾದಿದ್ದೆ. ನಡುನಡುವೆ, ಇಂಥವರು ನಮಗೆ ಬೇಕಾದವರು ಎಂಬ ಮಾತು ಬರುತ್ತಿತ್ತು. ಅವ್ವನೇ ಎದುರು ಕೂತು ನೋಡಿ ಸಹಿ ಹಾಕಿದ್ದಾಳೆಂದು ನಂಬಿ ಹನ್ನೊಂದು ಜನರಿಗೆ ನಾನೂ ಸಹಿ ಹಾಕಿದೆ. ಆ ಹನ್ನೊಂದೂ ನೆರಳುಗಳೇ. ಹೋದ ಮಳೆಗಾಲದಲ್ಲಿ, ಒಮ್ಮೆ ಬಂದು ನೋಡಿಕೊಂಡು ಹೋಗಲೇ ಎಂದು ಬರೆದೆ. ಹಾದಿ ಕೆಟ್ಟಿದೆ, ನಾನು ಆರಾಮಿದ್ದೇನೆ, ಬರುವ ವರ್ಷ ಬಾ ಎಂದು ಉತ್ತರ ಬಂತು. ಹಸಿರು ಗುರುತಿತ್ತು. ಹೋಗದೆ ಉಳಿದೆ.

ಮೊನ್ನೆ ಸಂಕ್ರಾಂತಿ ಕಳೆದ ಮೇಲೆ ಸೋಮಿ ಗೌಡಳ ಪತ್ರ ಬಂತು. ಮೂರು ಸಲ ಓದಿಸಿ ಸಹಿ ಹಾಕಿದ್ದೆನಲ್ಲ, ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ದ್ಯಾಮವ್ವ ಮೂರು ವಾರ ಎದೆನೋವಿನಿಂದ ಮಲಗಿ ತೀರಿಕೊಂಡಳು, ಆಗರದ ಜನ ಮಣ್ಣು ಮಾಡಿದ್ದೇವೆ, ನಿನ್ನಿಂದ ಕಾಗದ ಬಂತೇ ಎಂದು ಕೊನೆಯವರೆಗೂ ಕೇಳುತ್ತಿದ್ದಳು, ಮೂರು ವರ್ಷದಲ್ಲಿ ಒಂದು ಕಾಗದಕ್ಕೂ ಉತ್ತರ ಬರೆಯದಷ್ಟು ಕೋಪ ಏನಿತ್ತು ನಿನಗೆ ಎಂದು ಬರೆದಿದ್ದಳು. ನೀನು ಇಂಥದರಲ್ಲಿ ಬಹಳ ಬಿಗಿ ಎಂದು ನಿನ್ನವ್ವ ಹೇಳುತ್ತಿದ್ದಳು, ಅದಕ್ಕೇ ಅವಳ ಸೆರಗಿನಲ್ಲಿದ್ದ ಚೀಟಿಯನ್ನು ನಕಲು ಮಾಡಿದ್ದೇನೆ ಎಂದು ಕೆಳಗೆ ನಲವತ್ತು ಅಕ್ಷರ ಬರೆದಿದ್ದಳು. ಕಣಜ ತೆಗೆದೆ. ಈ ಸಲ ಕೆಳಗಿದ್ದುದನ್ನೂ ನೋಡಿದೆ. ಎರಡು ಕೀಲಿ, ಒಂದೇ ಹೆಸರು, ಒಂದೇ ಕೊನೆಯ ಎಂಟು. ಅವ್ವ ಕಣಜಕ್ಕೆ ಹಾಕಿದ ಎರಡು ದಿನದಲ್ಲೇ ನೆರಳು ಅದಕ್ಕೊಂದು ಜೋಡಿ ಮಾಡಿ ಸುರಿದಿತ್ತು. ಏಳು, ಬಿ, ಸೊನ್ನೆ, ನಾಲ್ಕು ಎಂದು ಶುರುವಾಗುವುದು ನಾನು ಸಹಿ ಹಾಕದ ಕೀಲಿ.

ಗುರುತಿಲ್ಲದ ಕೀಲಿಯ ಪತ್ರಗಳನ್ನು ನಾವು ತೆರೆಯುವುದಿಲ್ಲ. ನೆರಳಿನ ಪೆಟ್ಟಿಗೆ ಎಂಬುದಕ್ಕೆ ಬಿಸಾಡಿ, ಮೋಸಗಾರರ ಪಟ್ಟುಗಳನ್ನು ಕಲಿಯಲೆಂದು ಐದು ವರ್ಷ ಇಡುತ್ತೇವೆ. ಅದರಲ್ಲಿ ಅವ್ವನ ಒಂಬತ್ತು ಪತ್ರಗಳಿದ್ದವು. ಅವ್ವನ ಹೆಸರು ಹಿಡಿದು ಬರುವ ನೆರಳಿಗೆ ನಾಚಿಕೆಯಿಲ್ಲ ಎಂದು ಬೈದು ನಾನೇ ಕೈಯಾರೆ ಎಸೆದಿದ್ದವು. ಮೊದಲನೆಯದರಲ್ಲಿ, ನಿನ್ನ ಸಹಿ ಇನ್ನೂ ಮುಟ್ಟಿಲ್ಲ, ಬಿಡುವಾದಾಗ ಕಳಿಸು ಎಂದಿದೆ. ಎರಡನೆಯದರಲ್ಲಿಯೂ ಅದೇ. ಮೂರನೆಯದರಿಂದ ಸಹಿ ಕೇಳುವುದನ್ನು ಬಿಟ್ಟಿದ್ದಾಳೆ. ಉಪ್ಪು ನೀರಿಗೆ ಹಿಮ್ಮಡಿ ಒಡೆದದ್ದು, ಇಲ್ಲಿಯವರು ಎಲ್ಲಕ್ಕೂ ಕಾಯಿ ಹಾಕುವುದು, ಖಡಕ್ ರೊಟ್ಟಿಯ ನೆನಪು. ಎಲ್ಲಿಯೂ ಹೊಗಳಿಕೆಯಿಲ್ಲ. ಒಂಬತ್ತನೆಯದು ಎರಡೇ ಸಾಲು. ನನಗ ಆರಾಮಿಲ್ಲ, ಬಂದು ಹೋಗು. ಸಿಟ್ಟಿದ್ದರ ಬಂದಮ್ಯಾಲೆ ಮಾಡುವಂತಿ.

ಕೂಟದವರು ನನ್ನ ಓದುವ ಅಧಿಕಾರವನ್ನು ತೆಗೆದಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ. ನಿಮ್ಮ ಮೇಲಿನ ನನ್ನ ತಾತ್ಸಾರ ಕಡಿಮೆಯಾಗಿದೆ ಎಂದು ಮಾತ್ರ ತಿಳಿಯಬೇಡಿ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲು ಒಬ್ಬಳು ಸಿಕ್ಕಿದ್ದಾಳೆ, ನಾನೇ, ಅಷ್ಟೇ. ನಿಮ್ಮನ್ನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ಆ ತಂತ್ರಾಂಶ ನಿಮ್ಮಲ್ಲಿ ಇನ್ನೂ ಪುಕ್ಕಟೆ ಬಿದ್ದಿದೆ, ತೆಗೆದುಕೊಳ್ಳಿ. ಅಪರಿಚಿತರಿಗೆ ಹೆದರಿ ಅವರನ್ನು ಹೇಗೂ ಪರೀಕ್ಷಿಸುತ್ತೀರಿ. ನಿಮ್ಮವರು ಎದುರು ಕುಳಿತು ತಡವರಿಸುತ್ತ ಓದುವಾಗ ಸಾಕು ಅನ್ನಬೇಡಿ. ನಲವತ್ತೂ ಮುಗಿಯಲಿ, ಹಿಂದಿನ ಸಾಲು ಬೈದುಕೊಳ್ಳಲಿ.

ಒಂಬತ್ತು ಪತ್ರಕ್ಕೂ ಸೇರಿಸಿ ನಿನ್ನೆ ಅವ್ವನಿಗೆ ಉತ್ತರ ಬರೆದೆ. ನಲವತ್ತು ಅಕ್ಷರವನ್ನೂ ಗಟ್ಟಿಯಾಗಿ ಓದಿ, ಗುಂಪಿಗೊಂದು ಸಲ ನಾನೇ ಹೂಂ ಅಂದು, ಅವಳದೇ ಕೀಲಿಯಿಂದ ಮುಚ್ಚಿದೆ. ಇನ್ನು ಅದನ್ನು ನಾನೂ ತೆರೆಯಲಾರೆ.

ಫಕೀರವ್ವ, ದ್ಯಾಮವ್ವನ ಮಗಳು