ಬಾಯ್ಲರ್ ಸ್ವಿಚ್ ಮುಟ್ಟಬೇಡ

ಫರ್ಗಸ್,

ನಿನ್ನೆ ನೀನು ಮನೆ ಬೆಚ್ಚಗಿಡುವ ಹಳೇ ಗ್ಯಾಸ್ ಬಾಯ್ಲರಿಗೆ ಜೋಡಿಸಿದ ಹೊಸ ಕಂಟ್ರೋಲರ್ ಫೋನಿನಲ್ಲಿ 'ಆಫ್' ಎನ್ನುತ್ತಿತ್ತು. ಬಾಯ್ಲರ್ ಮಾತ್ರ ಉರಿಯುತ್ತಲೇ ಇತ್ತು. ಬೆಳಿಗ್ಗೆ ನೋಡಿದರೆ ಅಮ್ಮನ ಕೋಣೆ ಕುಲುಮೆಯಾಗಿತ್ತು, ಅವಳು ಬೆವರಿ ತೊಯ್ದುಹೋಗಿದ್ದಳು. "ತಮ್ಮನಿಗೆ ಬೈಬೇಡ ಕಣೇ, ನಂಗೆ ಚಳಿಯಾಗ್ದಿರ್ಲಿ ಅಂತ ಮಾಡಿದಾನೆ" ಎಂದಳು.

ಗೋಡೆಯ ಸ್ವಿಚ್ ಆರಿಸಿದ್ದೇನೆ. ಅಮ್ಮನಿಗೆ ಆಗಾಗ ನೀರು ಕುಡಿಸು. ಎದೆ ಹಿಡಿಯುತ್ತಿದೆ ಎಂದರೆ ತಕ್ಷಣ ಆಂಬುಲೆನ್ಸ್ ಕರೆಸು.

ಹತ್ತಕ್ಕೆ ಗ್ಯಾಸ್ ಎಂಜಿನಿಯರ್ ಬರುತ್ತಾಳೆ. ಯಾವ ತಂತಿ ಎಲ್ಲಿತ್ತು, ಎಲ್ಲಿಗೆ ಹಾಕಿದೆ, ಎಲ್ಲ ನಿಜ ಹೇಳು. ನಾಚಿಕೆಪಟ್ಟು 'ಮೊದಲೇ ಹೀಗಿತ್ತು' ಎನ್ನಬೇಡ.

ಓಟ್ಸ್ ಗಂಜಿ ಇದೆ, ನೀನೂ ತಿನ್ನು.

ಬಸ್ ಓಡಿಸುವಾಗ ನಾನು ಫೋನ್ ಎತ್ತುವಂತಿಲ್ಲ. ಆದರೂ ಅಮ್ಮ ಹೇಗಿದ್ದಾಳೆಂದು ಮೆಸೇಜ್ ಹಾಕುತ್ತಲೇ ಇರು. ಪ್ರತಿ ಕೊನೇ ಸ್ಟಾಪಿನಲ್ಲೂ ನೋಡುತ್ತೇನೆ.

ಅಕ್ಕ, ಮೋರಾಗ್